ಮೊಬೈಲ್ ಇಲ್ಲದವರಿಗೂ ಮದ್ದು ಸಿಗಲಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಯವರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯಲು ಮೊಬೈಲ್, ಒಟಿಪಿ ಹಾಗೂ ಆನ್‌ಲೈನ್ ಗುರುತು ಅಡ್ಡಿಯಾಗದಂತೆ ಸ್ಪಷ್ಟ ಆದೇಶ ಹೊರಡಿಸುವ ಕುರಿತು.

ಮಾನ್ಯರೇ,

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ, ಸರ್ಕಾರಿ ಆಸ್ಪತ್ರೆಯ ಗೇಟಿನ ಎದುರಿಗೆ, ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಸಣ್ಣ ಅಂಗಡಿಯೊಂದನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ನಾನು ವೈದ್ಯನಲ್ಲ, ಯಾವ ಸಂಘಟನೆಯ ಪದಾಧಿಕಾರಿಯೂ ಅಲ್ಲ. ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ಮುಗಿಯದ ಕೆಲಸಗಳು ರಸ್ತೆ ದಾಟಿ ನನ್ನ ಅಂಗಡಿಗೆ ಬರುತ್ತವೆ. ಆಭಾ ಸಂಖ್ಯೆ (ಆರೋಗ್ಯ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಜೋಡಿಸುವ ಗುರುತಿನ ಸಂಖ್ಯೆ) ಮಾಡಿಸಬೇಕಾದವರು, ಆಯುಷ್ಮಾನ್ ಕಾರ್ಡ್ ಮುದ್ರಿಸಿಕೊಳ್ಳಬೇಕಾದವರು, ಆಧಾರ್‌ನಲ್ಲಿರುವ ಹೆಸರಿಗೂ ಪಡಿತರ ಚೀಟಿಯಲ್ಲಿರುವ ಹೆಸರಿಗೂ ತಾಳೆಯಾಗದೆ ಕಂಗಾಲಾದವರು, ಬರಬೇಕಾದ ಹಣ ಯಾವ ಖಾತೆಗೆ ಹೋಯಿತೆಂದು ತಿಳಿಯದವರು ದಿನವೂ ನನ್ನ ಬಾಗಿಲಲ್ಲಿ ನಿಲ್ಲುತ್ತಾರೆ. ನನ್ನ ಸಂಪಾದನೆಯ ಒಂದು ಪಾಲು ಇಲಾಖೆಯ ತಂತ್ರಾಂಶಗಳ ಕೊರತೆಯಿಂದಲೇ ಬರುತ್ತಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಪತ್ರದಲ್ಲಿ ಕೇಳಿಕೊಂಡದ್ದು ನೆರವೇರಿದರೆ ನನಗೆ ನಷ್ಟವೇ ಹೊರತು ಲಾಭವಿಲ್ಲ.

ಕಂಪ್ಯೂಟರನ್ನು ಆಸ್ಪತ್ರೆಯಿಂದ ಹೊರಗೆ ಹಾಕಿರೆಂದು ಕೇಳಲು ಬರೆಯುತ್ತಿಲ್ಲ. ಕಾಗದದ ಕಾಲವನ್ನೂ ನಾನು ಕಂಡಿದ್ದೇನೆ. ರಕ್ತಪರೀಕ್ಷೆಯ ಚೀಟಿ ಮಳೆಯಲ್ಲಿ ನೆನೆದುಹೋದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು, ಹಳೆಯ ಕೇಸ್ ಶೀಟ್ ಹುಡುಕಿಸಲು ಯಾರದ್ದೋ ಕೈ ಬೆಚ್ಚಗೆ ಮಾಡಬೇಕಿತ್ತು, ದೊಡ್ಡಾಸ್ಪತ್ರೆಗೆ ಹೋಗಲು ಬೇಕಾದ ಶಿಫಾರಸು ಪತ್ರಕ್ಕೆ ಮಧ್ಯವರ್ತಿಗಳಿದ್ದರು. ಅದಕ್ಕೆ ಮರಳಬೇಕೆಂಬ ಆಸೆ ಯಾರಿಗೂ ಇಲ್ಲ. ನನ್ನ ಅಹವಾಲು ಒಂದೇ. ಯಂತ್ರವನ್ನು ಬಳಸುವ ಹೊಣೆ ಆಸ್ಪತ್ರೆಯದ್ದಾದಾಗ ಅದು ಬಡವನಿಗೆ ನೆರವಾಗುತ್ತಿದೆ, ಅದೇ ಹೊಣೆಯನ್ನು ರೋಗಿಯ ತಲೆಗೆ ಕಟ್ಟಿದಾಗ ಅವನನ್ನು ಬಾಗಿಲಲ್ಲೇ ತಡೆಯುತ್ತಿದೆ. ಎರಡೂ ಬಗೆಯ ಕೆಲಸವನ್ನು ತಮ್ಮ ಇಲಾಖೆಯೇ ಮಾಡಿದೆ. ಆದ್ದರಿಂದ ಮೊದಲನೆಯದನ್ನು ನೋಡಿಯೇ ಎರಡನೆಯದನ್ನು ತಿದ್ದಿಕೊಳ್ಳಲು ಸಾಧ್ಯವಿದೆ.

ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯನ್ನೇ ತೆಗೆದುಕೊಳ್ಳೋಣ. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವನಿಗೆ ಅಲ್ಲಿಯೇ ಇಸಿಜಿ ಮಾಡುತ್ತಾರೆ. ಅದರ ಗೆರೆಗಳನ್ನು ತಂತ್ರಾಂಶವೂ ದೂರದ ಹೃದ್ರೋಗ ತಜ್ಞರೂ ನೋಡಿ, ಇದು ರಕ್ತನಾಳ ಕಟ್ಟಿಕೊಂಡ ಹೃದಯಾಘಾತವೋ ಅಲ್ಲವೋ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ತಿಳಿಸುತ್ತಾರೆ. ಹೌದಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ, ಉಚಿತವಾಗಿ ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಖಾಸಗಿಯಲ್ಲಿ ಈ ಒಂದು ಚುಚ್ಚುಮದ್ದಿಗೆ ಕೂಲಿಯವನ ಕೆಲವು ತಿಂಗಳ ದುಡಿಮೆ ಬೇಕು. ಇಷ್ಟು ನಡೆಯುವಾಗ ರೋಗಿಯ ಜೇಬಿನಲ್ಲಿ ಮೊಬೈಲ್ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಎದೆ ಹಿಡಿದುಕೊಂಡು ಬಂದವನಿಗೆ ಒಟಿಪಿ ಹೇಳು ಎನ್ನುವ ಧೈರ್ಯ ಯಾರಿಗೂ ಇಲ್ಲ. ಇಲ್ಲಿರುವಷ್ಟು ಮುಂದುವರಿದ ತಂತ್ರಜ್ಞಾನ ನಮ್ಮ ಆಸ್ಪತ್ರೆಯ ಬೇರೆ ಯಾವ ಕೋಣೆಯಲ್ಲೂ ಇಲ್ಲ. ಆದರೂ ರೋಗಿಗೆ ಅದು ಇರುವುದೇ ಗೊತ್ತಾಗುವುದಿಲ್ಲ, ಏಕೆಂದರೆ ಅದರ ಭಾರವೆಲ್ಲ ಸಿಬ್ಬಂದಿಯ ಕಡೆಯಲ್ಲಿದೆ.

2022ರ ಅಕ್ಟೋಬರ್ 10ರಂದು ಆರಂಭವಾದ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯೂ ಇದೇ ದಾರಿಯದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಯಾವ ಸಾದಾ ಫೋನಿನಿಂದ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಆಪ್ ಇಳಿಸಿಕೊಳ್ಳಬೇಕಿಲ್ಲ, ಫೋಟೋ ಏರಿಸಬೇಕಿಲ್ಲ. ಇ-ಸಂಜೀವಿನಿಯ ಮೂಲಕ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯು ತಮ್ಮ ಮುಂದೆ ಕುಳಿತ ರೋಗಿಯನ್ನು ದೂರದ ವೈದ್ಯರಿಗೆ ತೋರಿಸುವ ವ್ಯವಸ್ಥೆಯೂ ಕಲ್ಪನೆಯಲ್ಲಿ ಬಹಳ ಒಳ್ಳೆಯದು. ನಮ್ಮಲ್ಲಿ ಅದು ಸೊರಗುವುದಕ್ಕೆ ಬೇರೆ ಕಾರಣಗಳಿವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ, ಪರದೆಯ ಮೇಲಿನ ವೈದ್ಯರು ಬರೆದ ಮಾತ್ರೆ ಉಪಕೇಂದ್ರದ ಕಪಾಟಿನಲ್ಲಿ ಇರುವುದಿಲ್ಲ. ಮಾತ್ರೆ ಇಲ್ಲದ ಸಲಹೆಗೆ ಬೆಲೆಯೆಷ್ಟೆಂಬುದನ್ನು ತಾವೇ ಯೋಚಿಸಬೇಕು.

ಇನ್ನು ನನ್ನ ಅಂಗಡಿಗೆ ಬರುವವರ ಕಥೆಗೆ ಬರುತ್ತೇನೆ.

ಹೊರರೋಗಿ ವಿಭಾಗದ ಕಿಟಕಿಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಇರುವ ದೊಡ್ಡ ಫಲಕವನ್ನು ಹಾಕಿದ್ದಾರೆ. ಸ್ಮಾರ್ಟ್‌ಫೋನ್ ಇದ್ದವರು ಅದನ್ನು ಸ್ಕ್ಯಾನ್ ಮಾಡಿ, ಆಭಾ ವಿವರ ಕಳುಹಿಸಿ, ಟೋಕನ್ ಸಂಖ್ಯೆ ಪಡೆದು ಬೇರೆ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಹೆಸರು, ವಯಸ್ಸು, ಊರು ಆಗಲೇ ಕಂಪ್ಯೂಟರಿನಲ್ಲಿ ಇರುವುದರಿಂದ ಆ ಸಾಲು ಬೇಗ ಕರಗುತ್ತದೆ. ಉಳಿದವರ ಸಾಲಿಗೆ ಇರುವುದು ಒಬ್ಬರೇ ಗುಮಾಸ್ತೆ, ಅವರೂ ಒಂದೊಂದೇ ಅಕ್ಷರ ಒತ್ತಿ ಹೆಸರು ತುಂಬಬೇಕು. ಹೀಗೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ ಮುದುಕಿ, ಹತ್ತು ಗಂಟೆಗೆ ಬೈಕಿನಲ್ಲಿ ಬಂದ ಯುವಕನ ನಂತರ ವೈದ್ಯರನ್ನು ಕಾಣುತ್ತಾಳೆ. ಇದನ್ನು ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ ಎಂಬುದು ನನಗೆ ಗೊತ್ತು. ಆದರೆ ಸರದಿಯೆಂಬುದು ಸರ್ಕಾರಿ ಆಸ್ಪತ್ರೆಯಲ್ಲಿ ಬಡವನಿಗಿದ್ದ ಒಂದೇ ಒಂದು ಸಮಾನತೆಯಾಗಿತ್ತು, ಅದೂ ಈಗ ಫೋನಿನ ಬೆಲೆಯ ಮೇಲೆ ಅಳೆಯಲ್ಪಡುತ್ತಿದೆ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಿಗೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯ ಬಸ್ಸೇ ಗತಿ. ಕೌಂಟರಿನಲ್ಲಿ ಕಳೆದುಹೋದ ಒಂದು ಗಂಟೆ ಅವರಿಗೆ ಒಂದು ದಿನದ ಕೂಲಿಯಾಗುತ್ತದೆ.

ಆಭಾ ಸಂಖ್ಯೆ ಕಡ್ಡಾಯವಲ್ಲ, ಐಚ್ಛಿಕ ಎಂದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವೇ ಹೇಳುತ್ತಾ ಬಂದಿದೆ. ಕೌಂಟರಿನಲ್ಲಿ ಕೇಳಿಬರುವ ಮಾತು ಮಾತ್ರ ಬೇರೆ. "ಆಭಾ ನಂಬರ್ ಇಲ್ವಾ? ಎದುರಿನ ಅಂಗಡೀಲಿ ಮಾಡಿಸ್ಕೊಂಡು ಬನ್ನಿ" ಎಂದು ಕಳುಹಿಸುತ್ತಾರೆ. ಬಂದವರ ಆಧಾರ್ ಸಂಖ್ಯೆಯನ್ನು ನಾನು ತುಂಬಿದರೆ, ಆಧಾರ್‌ಗೆ ಜೋಡಣೆಯಾದ ಮೊಬೈಲಿಗೆ ಒಟಿಪಿ ಹೋಗುತ್ತದೆ. ಆ ಮೊಬೈಲ್ ಯಾರದ್ದು? ಇತ್ತೀಚೆಗೆ ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಬಂದಿದ್ದ ಒಬ್ಬ ಅಜ್ಜಿಯ ಆಧಾರ್‌ಗೆ ಬೆಂಗಳೂರಿನಲ್ಲಿ ಕಾರ್ಖಾನೆಯ ಕೆಲಸಕ್ಕಿರುವ ಮಗನ ನಂಬರ್ ಜೋಡಣೆಯಾಗಿತ್ತು. ನನ್ನ ಫೋನಿನಿಂದಲೇ ಕರೆ ಮಾಡಿಸಿದೆ. ಪಾಳಿಯ ಹೊತ್ತಿನಲ್ಲಿ ಫೋನನ್ನು ಹೊರಗಿಟ್ಟು ಒಳಗೆ ಹೋಗಬೇಕಾದ ಕಾರ್ಖಾನೆ ಅದು, ರಿಂಗ್ ಆಗಿ ಆಗಿ ನಿಂತುಹೋಯಿತು. ಒಟಿಪಿಯ ಅವಧಿ ಮುಗಿಯಿತು, ಮತ್ತೆ ಕಳುಹಿಸಿದೆವು, ಮತ್ತೆ ಮುಗಿಯಿತು. "ಅವ ಊಟಕ್ಕೆ ಬಿಟ್ಟಾಗ ಎತ್ತುತ್ತಾನೆ, ಅಷ್ಟೊತ್ತಿಗೆ ಡಾಕ್ಟ್ರು ಇರ್ತಾರೇನಪ್ಪ?" ಎಂದು ಅವರು ಕೇಳಿದರು. ಊಟದ ಬಿಡುವಿನಲ್ಲಿ ಮಗ ಕರೆ ಎತ್ತುವ ಹೊತ್ತಿಗೆ ಹೊರರೋಗಿ ವಿಭಾಗದ ಕಿಟಕಿ ಮುಚ್ಚಿತ್ತು. ಆ ದಿನ ಅವರು ಮಾತ್ರೆಯಿಲ್ಲದೆ ಮನೆಗೆ ಹೋದರು. ನಾನು ದುಡ್ಡು ತೆಗೆದುಕೊಳ್ಳಲಿಲ್ಲ ಎಂಬುದೇನೂ ದೊಡ್ಡ ಉಪಕಾರವಲ್ಲ, ಏಕೆಂದರೆ ಅವರಿಗೆ ಬೇಕಾಗಿದ್ದದ್ದು ನನ್ನ ಅಂಗಡಿಯೇ ಅಲ್ಲ.

ಒಟಿಪಿ ಬೇಡವೆಂದರೆ ಬೆರಳಚ್ಚು ಇದೆ ಎನ್ನುತ್ತಾರೆ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕುಳಿತು ಅಡಿಕೆ ಸುಲಿಯುವ ಹೆಂಗಸರ ಬೆರಳುಗಳನ್ನು ತಾವು ಒಮ್ಮೆ ನೋಡಬೇಕು. ಕರೆ ಹತ್ತಿ ಕಪ್ಪಾದ, ಗೆರೆಗಳು ಸವೆದ, ಅಲ್ಲಲ್ಲಿ ಸೀಳಿದ ಆ ಬೆರಳುಗಳನ್ನು ಯಂತ್ರ ಮತ್ತೆ ಮತ್ತೆ ತಿರಸ್ಕರಿಸುತ್ತದೆ. ಒರೆಸಿ ಇಡಿ, ಒತ್ತಿ ಇಡಿ, ಬೇರೆ ಬೆರಳು ಇಡಿ ಎನ್ನುತ್ತಾ ನಾನು ಹೇಳಿದ್ದನ್ನೇ ಹೇಳುತ್ತಿರುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಆಕೆ ನಾಚಿಕೊಂಡು ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಾಳೆ, ದುಡಿದ ಕೈಯೇ ತಪ್ಪು ಮಾಡಿದೆಯೋ ಎಂಬಂತೆ.

ಕ್ಷಯರೋಗಿಗಳ ಸಂಕಟ ಇನ್ನೊಂದು ಬಗೆಯದು. ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿಯನ್ನು 2018ರಿಂದ ಕೊಡಲಾಗುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಹಣ ನೇರವಾಗಿ ಖಾತೆಗೆ ಬರುವುದು ಒಳ್ಳೆಯದೇ, ನಡುವೆ ಯಾರೂ ತಿನ್ನಲಾರರು. ಆದರೆ ನಮ್ಮ ಭಾಗದ ಖಾತೆಗಳ ಚರಿತ್ರೆ ತಮಗೆ ಗೊತ್ತಿರಬಹುದು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು, 2019ರಲ್ಲಿ ವಿಜಯಾ ಬ್ಯಾಂಕ್ ಹೋಯಿತು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳೂ ಹೋದವು. ನಾಲ್ಕೂ ಬೇರೆ ಬ್ಯಾಂಕುಗಳಲ್ಲಿ ಕರಗಿದವು, ಐಎಫ್‌ಎಸ್‌ಸಿ ಸಂಖ್ಯೆಗಳು ಬದಲಾದವು, ಜನರ ಕೈಯಲ್ಲಿ ಉಳಿದದ್ದು ಹಳೆಯ ಪಾಸ್‌ಬುಕ್. ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಇಲ್ಲವೇ ಎಂದೋ ತೆರೆದು ಮರೆತ ಬೇರೊಂದು ಖಾತೆಗೆ ಜೋಡಣೆಯಾಗಿದೆ, ಇಲ್ಲವೇ ಕೆವೈಸಿ ಬಾಕಿಯಿದೆ. ಕೆಮ್ಮುತ್ತಾ ಬಂದು "ಮೊಟ್ಟೆ ತಿನ್ನಿ, ಹಾಲು ಕುಡಿಯಿರಿ ಅಂದಿದ್ದಾರೆ, ಅದರ ದುಡ್ಡು ಬಂತಾ ನೋಡಿ" ಎಂದು ಕೇಳುವವರಿಗೆ ನಾನು ಪರದೆಯಲ್ಲಿ ಕಾಣುವ ಇಂಗ್ಲಿಷ್ ಸಾಲನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಆರು ತಿಂಗಳ ಔಷಧ ಮುಗಿದ ಮೇಲೆ ಹಣ ಜಮೆಯಾದದ್ದನ್ನೂ ನೋಡಿದ್ದೇನೆ. ಕಾಯಿಲೆಯ ಹೊತ್ತಿನಲ್ಲಿ ತಿನ್ನಬೇಕಾಗಿದ್ದ ಮೊಟ್ಟೆಯನ್ನು ಗುಣವಾದ ಮೇಲೆ ಕೊಟ್ಟ ಹಾಗಾಯಿತು.

ಈ ತೊಡಕುಗಳು ಬಿಡಿ ಘಟನೆಗಳಲ್ಲ ಎಂಬುದಕ್ಕೆ ಸರ್ಕಾರದ್ದೇ ಅಂಕಿಅಂಶಗಳಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದ ಮಹಿಳೆಯರು ಶೇ 33.3, ಪುರುಷರು ಶೇ 57.1. ತಾವೇ ಬಳಸುವಂಥ ಮೊಬೈಲ್ ಇದ್ದ ಮಹಿಳೆಯರು ಶೇ 54ರಷ್ಟು ಮಾತ್ರ. ಇವೆಲ್ಲ 15ರಿಂದ 49 ವರ್ಷದವರ ಲೆಕ್ಕ. ಆಸ್ಪತ್ರೆಗೆ ಅತಿ ಹೆಚ್ಚು ಬರಬೇಕಾದ ಅರವತ್ತು ಎಪ್ಪತ್ತರ ವಯಸ್ಸಿನವರು ಈ ಲೆಕ್ಕದಲ್ಲಿಯೇ ಇಲ್ಲ. ಆ ಬಳಿಕ ಫೋನುಗಳು ಹೆಚ್ಚಿರುವುದು ನಿಜ, ಆದರೆ ಮನೆಯಲ್ಲಿ ಫೋನಿರುವುದೂ ಅದು ಹೆಂಗಸಿನ ಕೈಯಲ್ಲಿರುವುದೂ ಒಂದೇ ಅಲ್ಲ. ನಮ್ಮ ಕಾಡಂಚಿನ ಹಳ್ಳಿಗಳಲ್ಲಂತೂ ಫೋನಿದ್ದವರಿಗೂ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂದು ಮಲೆನಾಡಿನ ಜನ ಫಲಕ ಕಟ್ಟಿದ್ದು ತಮ್ಮ ಗಮನಕ್ಕೂ ಬಂದಿರಬಹುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ಕಾಡುವುದು ಇಂಥ ಹಳ್ಳಿಗಳನ್ನೇ. ಕಾಯಿಲೆಯ ಸುದ್ದಿ ಮೊದಲು ಬರಬೇಕಾದ ಜಾಗದಲ್ಲಿಯೇ ಫೋನು ಮೂಕವಾಗಿದೆ.

ಕೋವಿಡ್ ಕಾಲದಲ್ಲಿ ಈ ಪಾಠವನ್ನು ನಾವು ಒಮ್ಮೆ ಕಲಿತಿದ್ದೆವು. 2021ರ ಮೇ ತಿಂಗಳಲ್ಲಿ 18ರಿಂದ 44 ವರ್ಷದವರ ಲಸಿಕೆಗೆ ಕೋವಿನ್ ಪೋರ್ಟಲ್‌ನಲ್ಲಿ ಮುಂಗಡ ನೋಂದಣಿ ಕಡ್ಡಾಯವಾಯಿತು. ಪೋರ್ಟಲ್ ಆಗ ಕನ್ನಡದಲ್ಲಿ ಇರಲಿಲ್ಲ. ಬೆಂಗಳೂರಿನ ಜನ ಸುತ್ತಲಿನ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಸ್ಲಾಟ್ ಹಿಡಿದು ಕಾರಿನಲ್ಲಿ ಹೋಗಿ ಲಸಿಕೆ ಹಾಕಿಸಿಕೊಂಡರು, ಅದೇ ಊರಿನವರು ಬೇಲಿಯಾಚೆ ನಿಂತು ನೋಡಿದರು. ಅದೇ ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಈ ಡಿಜಿಟಲ್ ಅಂತರದ ಬಗ್ಗೆ ಕೇಂದ್ರವನ್ನು ನೇರವಾಗಿ ಪ್ರಶ್ನಿಸಿತು. ಜೂನ್ 21ರಿಂದ ಜಾರಿಗೆ ಬಂದ ಹೊಸ ನೀತಿಯಲ್ಲಿ ಯಾರು ಬೇಕಾದರೂ ನೇರವಾಗಿ ಕೇಂದ್ರಕ್ಕೆ ಹೋಗಿ ನೋಂದಾಯಿಸಿಕೊಳ್ಳುವ ಅವಕಾಶವಾಯಿತು. ಆಮೇಲೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜನರನ್ನು ಕರೆತಂದರು, ವಿವರಗಳನ್ನು ಸಿಬ್ಬಂದಿಯೇ ತುಂಬಿದರು, ಲಸಿಕೆ ಹಳ್ಳಿಗೆ ತಲುಪಿತು. ತಂತ್ರಾಂಶ ಅದೇ ಇತ್ತು, ಅದರ ಮುಂದೆ ಕೂರಬೇಕಾದವರು ಯಾರೆಂಬುದಷ್ಟೇ ಬದಲಾಗಿತ್ತು.

ಕಾನೂನಿನ ಕಡೆಯಿಂದಲೂ ವಿಷಯ ಸ್ಪಷ್ಟವಾಗಿದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟಿನಿಂದ ಬಂದ ಆಧಾರ್ ತೀರ್ಪು, ದೃಢೀಕರಣ ವಿಫಲವಾಯಿತೆಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂಬ ಕಾಳಜಿಯನ್ನು ದಾಖಲಿಸಿದೆ. ಆಧಾರ್ ಇಲ್ಲವೆಂದು ಯಾರಿಗೂ ಆಸ್ಪತ್ರೆಯ ಸೇವೆ ನಿರಾಕರಿಸುವಂತಿಲ್ಲ ಎಂದು ಆಧಾರ್ ಪ್ರಾಧಿಕಾರವೂ ಅದೇ ವರ್ಷದ ಫೆಬ್ರುವರಿಯಲ್ಲಿ ಹೇಳಿತ್ತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೊಳಗಾದವರು ಮತ್ತು ದೃಷ್ಟಿದೋಷವುಳ್ಳವರು ಡಿಜಿಟಲ್ ಕೆವೈಸಿಯಲ್ಲಿ ಅನುಭವಿಸುವ ತೊಂದರೆಯ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವಂತಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ತೀರ್ಪು ನೀಡಿತು. ಇಷ್ಟೆಲ್ಲ ಇದ್ದೂ ದಾಖಲೆಯ ಹೆಸರಿನಲ್ಲಿ ಏನಾಗಬಲ್ಲದೆಂಬುದನ್ನು ನಮ್ಮ ರಾಜ್ಯ ಕಂಡಿದೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ, ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂದು ಸರ್ಕಾರಿ ಆಸ್ಪತ್ರೆಯಿಂದ ವಾಪಸ್ ಕಳುಹಿಸಲಾಗಿತ್ತೆಂದು ವರದಿಯಾದ ಗರ್ಭಿಣಿಯೊಬ್ಬರು ಮನೆಯಲ್ಲಿಯೇ ಅವಳಿ ಶಿಶುಗಳೊಂದಿಗೆ ತೀರಿಕೊಂಡರು. ಸಿಬ್ಬಂದಿಯ ಅಮಾನತಾಯಿತು, ತುರ್ತು ಚಿಕಿತ್ಸೆಗೆ ದಾಖಲೆ ಕೇಳಬಾರದೆಂಬ ಸೂಚನೆಯೂ ಹೊರಟಿತು. ಆ ಸೂಚನೆ ತುರ್ತು ಚಿಕಿತ್ಸೆಗೆ ನಿಂತುಬಿಟ್ಟಿತು ಎಂಬುದು ನನ್ನ ಕೊರಗು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಷಯ, ಬಸುರಿಯ ತಿಂಗಳ ತಪಾಸಣೆ, ಇವೆಲ್ಲ ತಪ್ಪಿಹೋದಾಗಲೇ ಮುಂದೊಂದು ದಿನ ತುರ್ತು ಹುಟ್ಟುತ್ತದೆ.

ಕೌಂಟರಿನ ಗುಮಾಸ್ತೆಯನ್ನೋ ನರ್ಸನ್ನೋ ದೂರಲು ನನಗೆ ಮನಸ್ಸಿಲ್ಲ. ಅವರು ಆಭಾ ಸಂಖ್ಯೆಗಾಗಿ ಪಟ್ಟು ಹಿಡಿಯುವುದಕ್ಕೆ ಕಾರಣ ಮೇಲಿನಿಂದ ಬಂದದ್ದು. ಆಭಾಗೆ ಜೋಡಿಸಿದ ದಾಖಲೆಗಳ ಸಂಖ್ಯೆಯ ಮೇಲೆ ಆಸ್ಪತ್ರೆಗಳಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ಕೇಂದ್ರ 2023ರ ಜನವರಿಯಿಂದ ಜಾರಿಗೆ ತಂದಿದೆ. ಪ್ರತಿ ಪರಿಶೀಲನಾ ಸಭೆಯಲ್ಲೂ ಎಷ್ಟು ಕಾರ್ಡ್ ಆಯಿತು, ಎಷ್ಟು ಶೇಕಡಾ ಆಯಿತು ಎಂಬುದೇ ಪ್ರಶ್ನೆ. ಡ್ಯಾಶ್‌ಬೋರ್ಡಿನಲ್ಲಿ ಆದದ್ದಕ್ಕೆಲ್ಲ ಒಂದೊಂದು ಕಾಲಂ ಇದೆ, ಆಗದೆ ವಾಪಸ್ ಹೋದವರಿಗೆ ಒಂದು ಕಾಲಂ ಇಲ್ಲ. ಒಟಿಪಿ ಬಾರದೆ ಹೋದವರು, ಸರ್ವರ್ ಡೌನ್ ಎಂದು ಕಾದು ಬೇಸತ್ತು ಬಸ್ಸು ಹತ್ತಿದವರು, ಹೆಸರು ತಾಳೆಯಾಗದ್ದಕ್ಕೆ ಶಸ್ತ್ರಚಿಕಿತ್ಸೆ ಮುಂದೂಡಿಸಿಕೊಂಡವರು ತಮ್ಮ ಮೇಜಿಗೆ ಬರುವ ಯಾವ ವರದಿಯಲ್ಲೂ ಇರುವುದಿಲ್ಲ. ಅವರು ಇರುವುದು ನನ್ನ ಅಂಗಡಿಯ ಬೆಂಚಿನ ಮೇಲೆ.

ಆಶಾ ಕಾರ್ಯಕರ್ತೆಯರ ದೂರೂ ಇದೇ ಬೇರಿನದ್ದು. 2025ರ ಜನವರಿಯ ಚಳಿಯಲ್ಲಿ ಅವರು ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತಾಗ ಗೌರವಧನದ ಜೊತೆಗೆ ಎತ್ತಿದ ಇನ್ನೊಂದು ಪ್ರಶ್ನೆ, ತಾಯಿ-ಮಕ್ಕಳ ಆರೋಗ್ಯದ ವಿವರ ತುಂಬುವ ಆರ್‌ಸಿಎಚ್ ಪೋರ್ಟಲ್‌ನದ್ದಾಗಿತ್ತು. ಕೆಲಸ ಮಾಡಿದ್ದರೂ ಪೋರ್ಟಲ್‌ನಲ್ಲಿ ದಾಖಲಾಗದಿದ್ದರೆ ಪ್ರೋತ್ಸಾಹಧನವಿಲ್ಲ. ಬಾಣಂತಿಯ ಮನೆಗೆ ಗದ್ದೆಯ ಬದುವಿನ ಮೇಲೆ ನಡೆದು ಹೋದದ್ದು ಅವಳ ಕಾಲಿಗೆ ಗೊತ್ತು, ಮಗುವಿನ ತಾಯಿಗೆ ಗೊತ್ತು, ಆದರೆ ಪೋರ್ಟಲ್‌ಗೆ ಗೊತ್ತಿಲ್ಲದಿದ್ದರೆ ಆ ನಡಿಗೆಗೆ ಲೆಕ್ಕವಿಲ್ಲ. ರೋಗಿಗೆ ಆಗುತ್ತಿರುವ ಅನ್ಯಾಯವೇ ಅವಳಿಗೂ ಆಗುತ್ತಿದೆ: ಕಣ್ಣೆದುರು ಇರುವ ಮನುಷ್ಯರಿಗಿಂತ ಪರದೆಯ ಮೇಲಿನ ಸಾಲಿಗೆ ಹೆಚ್ಚು ನಂಬಿಕೆ.

ಯಂತ್ರ ಕೆಟ್ಟಾಗ ಏನು ಮಾಡಬೇಕೆಂಬುದೂ ಬರಹದಲ್ಲಿ ಇರಬೇಕಾದ ವಿಷಯ. 2022ರ ಸೆಪ್ಟೆಂಬರ್‌ನಲ್ಲಿ 108ರ ಕರೆ ಕೇಂದ್ರ ತಾಂತ್ರಿಕ ದೋಷದಿಂದ ಕೈಕೊಟ್ಟಾಗ ಆಂಬುಲೆನ್ಸ್‌ಗಾಗಿ ಜನ ರಾಜ್ಯದಾದ್ಯಂತ ಪರದಾಡಿದರು. ಅದೇ ವರ್ಷದ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾದಾಗ ಅಷ್ಟು ದೊಡ್ಡ ಆಸ್ಪತ್ರೆ ವಾರಕ್ಕೂ ಹೆಚ್ಚು ಕಾಲ ಕೈಬರಹದ ಚೀಟಿಗಳ ಮೇಲೆಯೇ ನಡೆಯಿತು. ಏಮ್ಸ್‌ಗೆ ಸಾಧ್ಯವಾದದ್ದು ನಮ್ಮ ತಾಲ್ಲೂಕು ಆಸ್ಪತ್ರೆಗೆ ಏಕೆ ಆಗದು? ನಮ್ಮಲ್ಲಿ ಸರ್ವರ್ ಅರ್ಧ ದಿನ ನಿಂತರೆ ಔಷಧಿಯ ಕಿಟಕಿಯೂ ಅರ್ಧ ದಿನ ನಿಲ್ಲುತ್ತದೆ, ಏಕೆಂದರೆ ಚೀಟಿ ಕೈಯಲ್ಲಿ ಬರೆದು ಕೊಟ್ಟರೆ ಮೇಲಿನವರು ಏನನ್ನುತ್ತಾರೋ ಎಂಬ ಅಂಜಿಕೆ.

ಖಾಸಗಿತನದ ಬಗ್ಗೆ ಒಂದು ಮಾತು ಮಾತ್ರ ಹೇಳುತ್ತೇನೆ. ಒಬ್ಬ ಹೆಣ್ಣುಮಗಳ ಗರ್ಭಪಾತದ ದಾಖಲೆ, ಒಬ್ಬ ಯುವಕನ ಎಚ್‌ಐವಿ ಪರೀಕ್ಷೆಯ ಫಲಿತಾಂಶ ಜೆರಾಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಬಾರದು. ಸದ್ಯಕ್ಕೆ ತೆರೆದುಕೊಳ್ಳುತ್ತಿದೆ. ಡೌನ್‌ಲೋಡ್ ಆದ ಕಡತಗಳನ್ನು ನಾನು ಸಂಜೆ ಅಳಿಸುತ್ತೇನೆ, ಎಲ್ಲ ಅಂಗಡಿಯವರೂ ಅಳಿಸುತ್ತಾರೆಂದು ಹೇಳಲಾರೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ ನಿಜ. ಆದರೆ "ನಾನು ಒಪ್ಪಿದ್ದೇನೆ" ಎಂಬ ಇಂಗ್ಲಿಷ್ ಪೆಟ್ಟಿಗೆಗೆ ಟಿಕ್ ಹಾಕುವವನು ನಾನೇ, ರೋಗಿಯಲ್ಲ. ಆ ಒಪ್ಪಿಗೆ ಯಾವ ನ್ಯಾಯಾಲಯದಲ್ಲಿ ನಿಲ್ಲುತ್ತದೋ ನಾನರಿಯೆ.

ಆದ್ದರಿಂದ ತಮ್ಮಲ್ಲಿ ಈ ಕೆಳಗಿನಂತೆ ಪ್ರಾರ್ಥಿಸುತ್ತೇನೆ.

ಮೊದಲನೆಯದಾಗಿ, ಮೊಬೈಲ್, ಒಟಿಪಿ, ಆಭಾ ಸಂಖ್ಯೆ ಇಲ್ಲವೆಂಬ ಕಾರಣಕ್ಕೆ ಹೊರರೋಗಿ ಚೀಟಿ, ತಪಾಸಣೆ, ಪರೀಕ್ಷೆ, ಔಷಧ ಇವುಗಳಲ್ಲಿ ಯಾವುದನ್ನೂ ನಿರಾಕರಿಸುವಂತಿಲ್ಲ, ತಡಮಾಡುವಂತಿಲ್ಲ ಎಂದು ತುರ್ತು ಚಿಕಿತ್ಸೆಯಾಚೆಗೂ ಅನ್ವಯಿಸುವ ಲಿಖಿತ ಆದೇಶವನ್ನು ಹೊರಡಿಸಬೇಕು. ಆ ಆದೇಶ ಕಡತದಲ್ಲಿ ಉಳಿಯದೆ, ಕ್ಯೂಆರ್ ಕೋಡ್ ಫಲಕದಷ್ಟೇ ದೊಡ್ಡ ಕನ್ನಡ ಅಕ್ಷರಗಳಲ್ಲಿ, ಅದರ ಪಕ್ಕದಲ್ಲಿಯೇ ತೂಗಬೇಕು. ತಡೆದರೆ ಯಾರಿಗೆ ದೂರಬೇಕೆಂಬುದೂ ಅದರಲ್ಲಿರಬೇಕು. ಟೋಕನ್ ಸಾಲೂ ಚೀಟಿಯ ಸಾಲೂ ಬಂದ ಹೊತ್ತಿನ ಕ್ರಮದಲ್ಲಿಯೇ ಒಂದಾಗಿ ವೈದ್ಯರ ಕೋಣೆಗೆ ಸೇರಬೇಕು.

ಆಭಾ, ಆಯುಷ್ಮಾನ್ ಕಾರ್ಡ್, ಹೆಸರಿನ ತಿದ್ದುಪಡಿ, ಖಾತೆಯ ಆಧಾರ್ ಜೋಡಣೆಯ ವಿಚಾರಣೆ, ಇವೆಲ್ಲ ಆಸ್ಪತ್ರೆಯ ಆವರಣದೊಳಗೆ, ಸಂಬಳ ಪಡೆಯುವ ಸಿಬ್ಬಂದಿಯ ಕೈಯಲ್ಲಿ, ಉಚಿತವಾಗಿ ಆಗಬೇಕು. ಅದೂ ರೋಗಿಯು ವೈದ್ಯರನ್ನು ಕಂಡು ಮದ್ದು ಪಡೆದ ನಂತರ, ಮೊದಲಲ್ಲ. ದೊಡ್ಡ ಖರ್ಚಿನ ಮಾತಲ್ಲ ಇದು, ಪ್ರತಿ ತಾಲ್ಲೂಕು ಆಸ್ಪತ್ರೆಗೆ ಒಂದು ಮೇಜು ಮತ್ತು ಒಬ್ಬ ತಾಳ್ಮೆಯುಳ್ಳ ವ್ಯಕ್ತಿ ಸಾಕು. ಒಪ್ಪಿಗೆಯ ಪಠ್ಯವನ್ನು ಕನ್ನಡದಲ್ಲಿ ಓದಿ ಹೇಳುವುದು ಆ ವ್ಯಕ್ತಿಯ ಕರ್ತವ್ಯವಾಗಿರಲಿ, ಬೇಡವೆಂದವರಿಗೆ ಬೇಡವೆನ್ನುವ ಹಕ್ಕಿರಲಿ.

ಸರ್ವರ್ ನಿಂತ ಕೂಡಲೇ ಕೈಬರಹದ ಚೀಟಿ ಕೊಟ್ಟು, ಅದನ್ನು ಆಮೇಲೆ ಕಂಪ್ಯೂಟರಿಗೆ ತುಂಬುವ ಅಧಿಕಾರವನ್ನು ಕೌಂಟರಿನ ಸಿಬ್ಬಂದಿಗೆ ಸ್ಪಷ್ಟವಾಗಿ ಕೊಡಬೇಕು, ಹಾಗೆ ಮಾಡಿದ್ದಕ್ಕೆ ಅವರಿಂದ ವಿವರಣೆ ಕೇಳಬಾರದು. ಅದೇ ರೀತಿ ಆಶಾ ಕಾರ್ಯಕರ್ತೆಯರ ದಿನಚರಿಯ ಪುಸ್ತಕಕ್ಕೆ ಪೋರ್ಟಲ್‌ನಷ್ಟೇ ಮಾನ್ಯತೆ ಇರಬೇಕು. ನಿಕ್ಷಯ್‌ನ ಹಣ ಎರಡು ತಿಂಗಳು ತಪ್ಪಿದರೆ ರೋಗಿಯು ಅಲೆಯುವ ಬದಲು ಕ್ಷಯರೋಗ ಮೇಲ್ವಿಚಾರಕರೇ ಬ್ಯಾಂಕನ್ನು ಸಂಪರ್ಕಿಸುವಂತಾಗಲಿ, ಅಲ್ಲಿಯವರೆಗೆ ಆಹಾರದ ಕಿಟ್ಟನ್ನಾದರೂ ಕೊಡುವಂತಾಗಲಿ.

ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸಿರುವುದು, ತಮ್ಮ ಡ್ಯಾಶ್‌ಬೋರ್ಡಿಗೆ ಇನ್ನೊಂದು ಕಾಲಂ ಸೇರಿಸುವುದು: ಇಂದು ಸೇವೆ ಸಿಗದೆ ಹಿಂದಿರುಗಿದವರು ಎಷ್ಟು, ಯಾವ ಕಾರಣಕ್ಕೆ. ಪ್ರತಿ ಆಸ್ಪತ್ರೆಯೂ ಅದನ್ನು ದಿನವೂ ತುಂಬಲಿ, ಜಿಲ್ಲಾ ಸಭೆಯಲ್ಲಿ ಮೊದಲು ಅದನ್ನೇ ಓದಲಿ, ತಿಂಗಳಿಗೊಮ್ಮೆ ಇಲಾಖೆಯ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಆರಂಭದಲ್ಲಿ ಸೊನ್ನೆ ಎಂದೇ ಎಲ್ಲರೂ ಬರೆಯಬಹುದು. ಆಗ ಒಮ್ಮೆ ಯಾರಿಗೂ ಹೇಳದೆ ತಾಲ್ಲೂಕು ಆಸ್ಪತ್ರೆಯೊಂದರ ಎದುರಿನ ಅಂಗಡಿಯಲ್ಲಿ ಅರ್ಧ ದಿನ ಕುಳಿತುಕೊಳ್ಳಲು ಒಬ್ಬ ಅಧಿಕಾರಿಯನ್ನು ಕಳುಹಿಸಿ, ಆ ಸೊನ್ನೆಯನ್ನು ತಾಳೆ ನೋಡಬೇಕೆಂದು ವಿನಂತಿಸುತ್ತೇನೆ.

ಈ ಪತ್ರದ ಪ್ರತಿಯನ್ನು ನಮ್ಮ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೂ ತಾಲ್ಲೂಕು ಆರೋಗ್ಯ ರಕ್ಷಾ ಸಮಿತಿಗೂ ಅಂಚೆಯಲ್ಲಿ ಕಳುಹಿಸಿದ್ದೇನೆ. ಕೋರಿಕೆಗಳಲ್ಲಿ ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ, ಸಾಧ್ಯವಿಲ್ಲದಿದ್ದರೆ ಏಕೆ ಎಂಬುದನ್ನು ಸಾರ್ವಜನಿಕವಾಗಿ, ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಆಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯವನು